ನಿಂತಾಗ ತಣ್ಣಗೆ, ಓಡುವಾಗ ಬಿಸಿ: ಒಂದು ಪದ್ಮಿನಿಯ ಕೆಳಗಿನ ಹೋಸ್

ಕಾರು 1982ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಪೆಟ್ರೋಲ್ ಎಂಜಿನ್, ಸ್ಟಿಯರಿಂಗ್ ಪಕ್ಕದ ಗೇರ್, ಮೊದಲಿನಿಂದಲೂ ಮುಂಬೈಯ ಮಾಟುಂಗಾದ ಒಂದೇ ಮನೆಯಲ್ಲಿದೆ. ಮಾಲೀಕರು ಕುಂದಾಪುರ ಕಡೆಯವರು, ಹೋಟೆಲ್ ವ್ಯವಹಾರದಿಂದ ನಿವೃತ್ತರು. ಕಾರು ಬಂದದ್ದು ಕುರ್ಲಾದ ಒಂದು ಗ್ಯಾರೇಜಿಗೆ. ಅಲ್ಲಿನ ಮೇಸ್ತ್ರಿ ವಿಜಯಪುರದವರು. ದೂರು ಇಷ್ಟು:

"ಸಾಯನ್ ಸಿಗ್ನಲ್‌ನಲ್ಲಿ ಎಷ್ಟು ಹೊತ್ತು ನಿಂತ್ರೂ ಏನೂ ಆಗುದಿಲ್ಲ ಮಾರಾಯ್ರೆ. ಕಳಂಬೋಲಿ ದಾಟಿ ಎಕ್ಸ್‌ಪ್ರೆಸ್‌ವೇ ಹತ್ತಿ ಎಂಬತ್ತರಲ್ಲಿ ಹೋದ್ರೆ ಖಾಲಾಪುರ ಟೋಲ್ ಬರುದ್ರೊಳಗೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗ್ತದೆ. ಬದಿಗೆ ಹಾಕಿ, ಎಂಜಿನ್ ಬಂದ್ ಮಾಡದೆ ಸ್ವಲ್ಪ ಹೊತ್ತು ನಿಲ್ಸಿದ್ರೆ ತನ್ನಷ್ಟಕ್ಕೇ ಇಳೀತದೆ."

ಮೇಸ್ತ್ರಿಯವರು ಕೇಳಿದ್ದು ಒಂದೇ ಪ್ರಶ್ನೆ: "ಶೆಟ್ರ, ನೀರು ಎಷ್ಟ್ ಕುಡೀತದ?" ವಾರಕ್ಕೆ ಸುಮಾರು ಅರ್ಧ ಲೀಟರ್ ಎಂಬ ಉತ್ತರ ಬಂತು. ಗ್ಯಾರೇಜಿನ ನೆಲದ ಮೇಲೆ ಮಾತ್ರ ತೊಟ್ಟಿಕ್ಕಿದ ಗುರುತಿಲ್ಲ.

ಇದಕ್ಕೂ ಮೊದಲು ಬೇರೆ ಬೇರೆ ಕಡೆ ಮೂರು ಕೆಲಸ ನಡೆದಿದ್ದವು. ರೇಡಿಯೇಟರ್ ಬಿಚ್ಚಿಸಿ ನಳಿಕೆಗಳಿಗೆ ಸರಳು ಹಾಕಿಸಿ ಶುಚಿ ಮಾಡಿಸಲಾಗಿತ್ತು. ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರ್‌ಗೆ ದಾರಿ ಬಿಡುವ ಕವಾಟ, ಅಂದರೆ ಥರ್ಮೋಸ್ಟ್ಯಾಟ್ ಕಿತ್ತು ಎಸೆಯಲಾಗಿತ್ತು; "ಬಾಂಬೆ ಸೆಖೆಗೆ ಅದು ಬೇಡ" ಎಂಬ ಟ್ಯಾಕ್ಸಿ ಕಾಲದ ನಂಬಿಕೆ ಇನ್ನೂ ಹೋಗಿಲ್ಲ. ಮೂರನೆಯದು ಹೊಸ ಕಾಲದ ಕಾರೊಂದರ ರೇಡಿಯೇಟರ್ ಕ್ಯಾಪ್. ಅದರ ಮೇಲೆ ಅದು ಹಿಡಿದಿಡುವ ಒತ್ತಡ 0.9 ಬಾರ್ ಎಂದಿತ್ತು. ಒತ್ತಡ ಹೆಚ್ಚಿದ್ದರೆ ನೀರು ತಡವಾಗಿ ಕುದಿಯುತ್ತದೆ ಎಂಬ ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಕ್ಯಾಪ್ ಈ ಕಾರಿನ ಮೇಲೆ ಏನು ಮಾಡುತ್ತಿದೆ ಎಂದು ಯಾರೂ ನೋಡಿರಲಿಲ್ಲ.

ಯಾವಾಗ ಕಾಯುತ್ತದೆ ಎಂಬುದೇ ಮೊದಲ ಸಾಕ್ಷಿ

ಎಂಜಿನ್ ಕಾಯುವ ದೂರು ಬಂದರೆ ಪಾನ ಹಿಡಿಯುವ ಮೊದಲು ಸಮಯ ಕೇಳಬೇಕು. ಸಿಗ್ನಲ್‌ನಲ್ಲಿ, ಗಣಪತಿ ಮೆರವಣಿಗೆಯ ಹಿಂದೆ ತೆವಳುವಾಗ ಕಾದು, ವೇಗ ಹಿಡಿದಾಗ ಇಳಿದರೆ ಗಾಳಿ ಸಾಲುತ್ತಿಲ್ಲ ಎಂದರ್ಥ: ಫ್ಯಾನ್, ಅದರ ಸುತ್ತಲಿನ ಮರೆ, ರೇಡಿಯೇಟರ್ ರೆಕ್ಕೆಗಳಲ್ಲಿ ತುಂಬಿದ ಧೂಳು. ನಿಂತಾಗ ತಣ್ಣಗಿದ್ದು ವೇಗದಲ್ಲಿ ಕಾದರೆ ಗಾಳಿಗೆ ಕೊರತೆಯಿಲ್ಲ, ನೀರಿನ ಹರಿವು ಸಾಲುತ್ತಿಲ್ಲ. ಆಗ ಅನುಮಾನ ಪಡಬೇಕಾದವು ಒಳಗಡೆ ಕಟ್ಟಿಕೊಂಡ ರೇಡಿಯೇಟರ್, ಜಾರುವ ಬೆಲ್ಟ್, ನೀರು ತಿರುಗಿಸುವ ಪಂಪ್‌ನ ಸವೆದ ಚಕ್ರ, ಮತ್ತು ರೇಡಿಯೇಟರ್‌ನ ಕೆಳಗಿನ ಹೋಸ್ (ರಬ್ಬರ್ ಕೊಳವೆ). ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ, ಬ್ರೇಕ್ ಹಿಡಿದುಕೊಂಡಿದ್ದರೂ ಹೆದ್ದಾರಿಯಲ್ಲಿ ಕಾಯುತ್ತದೆ. ಆದರೆ ಬದಿಗೆ ನಿಲ್ಲಿಸಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಟ್ಟ ಕೂಡಲೇ ಮುಳ್ಳು ಬೇಗ ಇಳಿಯುವುದು ಹರಿವಿನ ತೊಂದರೆಗೇ ಹೆಚ್ಚು ಹೊಂದುತ್ತದೆ.

ಕೆಳಗಿನ ಹೋಸ್ ಯಾಕೆ ಅನುಮಾನದ ಪಟ್ಟಿಗೆ ಬರುತ್ತದೆ ಎಂಬುದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು, ಯಾಕೆಂದರೆ ಇಲ್ಲಿಯೇ ಹೆಚ್ಚಿನವರು ದಾರಿ ತಪ್ಪುತ್ತಾರೆ. ಮೇಲಿನ ಹೋಸ್ ಎಂಜಿನ್‌ನಿಂದ ಬಿಸಿ ನೀರನ್ನು ರೇಡಿಯೇಟರ್‌ಗೆ ಒಯ್ಯುತ್ತದೆ. ಕೆಳಗಿನದು ರೇಡಿಯೇಟರ್‌ನ ತಳದಿಂದ ಪಂಪ್‌ಗೆ ಬರುತ್ತದೆ, ಪಂಪ್ ಅದರ ಮೂಲಕ ನೀರನ್ನು ಎಳೆಯುತ್ತದೆ. ಎಳೆತ ಎಷ್ಟೆಂಬುದು ರೇಡಿಯೇಟರ್ ಒಳಗಿನ ತಡೆಯ ಮೇಲಿದೆ, ಆ ತಡೆ ಹರಿವಿನ ವರ್ಗದಂತೆ ಏರುತ್ತದೆ. ಎಂಜಿನ್ ಐಡಲ್‌ನ ನಿಮಿಷಕ್ಕೆ 750–800 ಸುತ್ತಿನಿಂದ 3000 ಮೀರಿದರೆ ಹರಿವು ನಾಲ್ಕು ಪಟ್ಟು, ತಡೆ ಸುಮಾರು ಹದಿನಾರು ಪಟ್ಟು. ಐಡಲ್‌ನಲ್ಲಿ ಗೊತ್ತೇ ಆಗದ ಎಳೆತ ಹೆದ್ದಾರಿಯಲ್ಲಿ ಹೋಸ್‌ನ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಎಳನೀರಿನ ಕಾಗದದ ಸ್ಟ್ರಾ ನೆನೆದ ಮೇಲೆ ಜೋರಾಗಿ ಹೀರಿದರೆ ಹೇಗೆ ಚಪ್ಪಟೆಯಾಗುತ್ತದೋ ಹಾಗೆ.

ಇದನ್ನು ತಡೆಯುವವು ಎರಡು. ಒಂದು, ಹೋಸ್‌ನ ಒಳಗಿನ ಸುರುಳಿ ಸ್ಪ್ರಿಂಗ್. ಎರಡನೆಯದನ್ನು ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ, ಅದು ಕ್ಯಾಪ್ ಹಿಡಿದಿಡುವ ಒತ್ತಡ. ಇಡೀ ವ್ಯವಸ್ಥೆ ಹೊರಗಿನ ಗಾಳಿಗಿಂತ ಅರ್ಧ ಬಾರ್ ಹೆಚ್ಚಿನ ಒತ್ತಡದಲ್ಲಿದ್ದರೆ, ರೇಡಿಯೇಟರ್ ದಾಟುವಾಗ ಒಂದಿಷ್ಟು ಕಳೆದುಕೊಂಡರೂ ಕೆಳಗಿನ ಹೋಸ್‌ನೊಳಗಿನ ಒತ್ತಡ ಹೊರಗಿನದಕ್ಕಿಂತ ಮೇಲೆಯೇ ಉಳಿಯುತ್ತದೆ, ಹೋಸ್ ಕುಸಿಯುವುದಿಲ್ಲ. ಕ್ಯಾಪ್ ಏನನ್ನೂ ಹಿಡಿಯದಿದ್ದರೆ ರೇಡಿಯೇಟರ್‌ನ ಮೇಲಿನ ಟ್ಯಾಂಕ್‌ನ ಒತ್ತಡ ಹೊರಗಿನ ಗಾಳಿಯ ಮಟ್ಟಕ್ಕೇ ಇರುತ್ತದೆ, ಕೆಳಗಿನ ಹೋಸ್‌ನೊಳಗಿನ ಒತ್ತಡ ಅದಕ್ಕಿಂತ ಕೆಳಕ್ಕೆ ಇಳಿಯುತ್ತದೆ.

ತಣ್ಣಗಿರುವಾಗ ನೋಡಿದ್ದು

ಎರಡೂ ಹೋಸ್ ಹೊರಗಿನಿಂದ ಹೊಸದರಂತೆ ಕಪ್ಪಗೆ ಮಿರುಗುತ್ತಿದ್ದವು. ಕಾರು ತೊಳೆಯುವ ಕಡೆ ರಬ್ಬರ್‌ಗೆ ಹಚ್ಚುವ ಪಾಲಿಶ್‌ನ ಕೆಲಸ ಅದು. ಹೊಳಪನ್ನು ನೋಡಿ ಹೋಸ್‌ಗೆ ಪ್ರಮಾಣಪತ್ರ ಕೊಡಬಾರದು, ಬೆರಳೇ ಹೇಳಬೇಕು.

ಎಂಜಿನ್ ಪೂರ್ತಿ ತಣ್ಣಗಾದಾಗ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೊದಲು ಹೋಸ್‌ನ ನಡುವೆ, ಆಮೇಲೆ ಹೋಸನ್ನು ಲೋಹದ ಮೂತಿಗೆ ಬಿಗಿಯುವ ಕ್ಲಿಪ್‌ನಿಂದ ಐದು ಸೆಂ.ಮೀ. ಒಳಗಿನ ಭಾಗದಲ್ಲಿ ಒತ್ತಬೇಕು. ನಡು ಗಟ್ಟಿಯಾಗಿದ್ದು ತುದಿ ಮೆತ್ತಗಿದ್ದರೆ, ಅಥವಾ ಒತ್ತಿದಾಗ ಒಳಗೆ ಸಣ್ಣ ಸೀಳುಗಳು ತೆರೆದುಕೊಂಡಂತೆ ಬೆರಳಿಗೆ ಸಿಕ್ಕರೆ, ಅದು ವಿದ್ಯುತ್-ರಾಸಾಯನಿಕ ಸವೆತ. ಲೋಹದ ಮೂತಿ, ನೀರು, ಇಂಗಾಲ ಬೆರೆತ ರಬ್ಬರ್ ಮೂರೂ ಸೇರಿ ಸಣ್ಣ ಬ್ಯಾಟರಿಯಂತೆ ವರ್ತಿಸಿ ಒಳಪದರದಲ್ಲಿ ಉದ್ದುದ್ದ ಬಿರುಕು ಕೊರೆಯುತ್ತವೆ; ಆ ಬಿರುಕಿನಿಂದ ನೀರು ಒಳಗಿನ ನೂಲಿಗೆ ಇಳಿದು ಅದನ್ನು ಬಲಹೀನಗೊಳಿಸುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಇಡೀ ಹೋಸ್ ಉಬ್ಬಿ ಸ್ಪಂಜಿನಂತಾಗಿದ್ದರೆ ಎಣ್ಣೆ ತಗುಲಿದೆ. ರೇಡಿಯೇಟರ್ ಹೋಸ್‌ಗೆ ಬಳಸುವ ಇಪಿಡಿಎಂ ರಬ್ಬರ್ ಬಿಸಿಯನ್ನು ತಡೆಯುತ್ತದೆ, ಎಂಜಿನ್ ಆಯಿಲನ್ನು ತಡೆಯುವುದಿಲ್ಲ. ಹಾಗಿದ್ದರೆ ಹೊಸ ಹೋಸ್‌ಗಿಂತ ಮೊದಲು ಆಯಿಲ್ ಸೋರಿಕೆ ನಿಲ್ಲಿಸಬೇಕು. ಕಲ್ಲಿನಂತೆ ಗಟ್ಟಿಯಾಗಿ ಒತ್ತಿದಾಗ ಚಿಟಿಚಿಟಿ ಎಂದರೆ ಬಿಸಿಗೆ ಒಣಗಿದೆ. ಬಾಗಿನಲ್ಲಿ ಮಾತ್ರ ಸಮಾನಾಂತರ ಸಣ್ಣ ಬಿರುಕು ಓಝೋನಿನದು.

ಈ ಕಾರಿನ ಕೆಳಗಿನ ಹೋಸ್ ನಡುಭಾಗದಲ್ಲೇ ಗೋಡೆಗಳು ಒಂದಕ್ಕೊಂದು ಅಂಟುವಷ್ಟು ಸುಲಭವಾಗಿ ಅದುಮಿತು. ಒಳಗೆ ಸ್ಪ್ರಿಂಗ್ ಇದ್ದರೆ ಅದರ ಸುತ್ತುಗಳು ಬೆರಳಿಗೆ ತಾಕಬೇಕಿತ್ತು. ತಾಕಲಿಲ್ಲ.

ಬೆಲ್ಟ್‌ನ ಉದ್ದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ 12 ಮಿ.ಮೀ. ಇಳಿಯಿತು, ಅದು ಸರಿ. ಪಂಪ್ ಶಾಫ್ಟ್‌ನಲ್ಲಿ ಆಟವಿಲ್ಲ, ಪಂಪ್‌ನ ಕೆಳಗಿನ ಸೋರು ತೂತು ಒಣಗಿದೆ. ರೇಡಿಯೇಟರ್ ಮೂತಿಯಲ್ಲಿ ದಹನದ ಅನಿಲ ಹುಡುಕುವ ನೀಲಿ ದ್ರಾವಣದ ಪರೀಕ್ಷೆ ಮಾಡಲಾಯಿತು. ಬಣ್ಣ ಹಳದಿಗೆ ತಿರುಗಲಿಲ್ಲ, ಅಂದರೆ ಸಿಲಿಂಡರ್ ಹೆಡ್ ಮತ್ತು ಬ್ಲಾಕ್ ನಡುವಿನ ಹೆಡ್ ಗ್ಯಾಸ್ಕೆಟ್ ಮೇಲಿನ ಅನುಮಾನ ಕೈಬಿಡಬಹುದು. ಈ ಪರೀಕ್ಷೆ ಮೊದಲೇ ಆಗಬೇಕು, ಇಲ್ಲವಾದರೆ ಮುಂದೆ ಕಾಣುವ ಗುಳ್ಳೆಗಳಿಗೆ ಅರ್ಥ ಹೇಳುವುದು ಕಷ್ಟ.

ಪಾಸಾಗಿಯೂ ಫೇಲಾದ ಕ್ಯಾಪ್

ಕೈಪಂಪ್ ಇರುವ ಒತ್ತಡ ಪರೀಕ್ಷಕವನ್ನು ರೇಡಿಯೇಟರ್ ಮೂತಿಗೆ ಕೂರಿಸಿ, ಕಾರಿನ ಮೂಲ ಕ್ಯಾಪ್ ಮೇಲೆ ಮುದ್ರಿಸಿದ ಒತ್ತಡದವರೆಗೆ ಏರಿಸಲಾಯಿತು. ಮೂಲ ಕ್ಯಾಪ್ ಪುಣ್ಯಕ್ಕೆ ಡಿಕ್ಕಿಯ ಡಬ್ಬಿಯಲ್ಲಿ ಉಳಿದಿತ್ತು. ಕಾಲು ಗಂಟೆಯಲ್ಲಿ ಮುಳ್ಳು ತುಸು ಇಳಿಯಿತು, ಪಂಪ್ ಕಡೆಯ ಕ್ಲಿಪ್ ಕೆಳಗೆ ತೇವ ಕಂಡಿತು. ಇದು ತಣ್ಣಗಿದ್ದಾಗ ಮಾತ್ರ ಒಸರಿ, ಬಿಸಿಯಾದಾಗ ರಬ್ಬರ್ ಹಿಗ್ಗಿ ಮುಚ್ಚಿಕೊಳ್ಳುವ ಸೋರಿಕೆ. ಒಸರಿದ ತೇವ ಎಂಜಿನ್ ಮತ್ತೆ ಬಿಸಿಯಾದಾಗ ಆರಿಹೋಗುವುದರಿಂದ ನೆಲಕ್ಕೆ ಬೀಳುವುದಿಲ್ಲ. ಆದರೂ ವಾರಕ್ಕೆ ಅರ್ಧ ಲೀಟರ್‌ಗೆ ಇದೊಂದೇ ಸಾಲದು.

ಅದೇ ಪರೀಕ್ಷಕಕ್ಕೆ ಜೋಡಣೆ ತುಂಡು ಹಾಕಿ 0.9 ಬಾರ್ ಕ್ಯಾಪ್ ಪರೀಕ್ಷಿಸಿದರೆ ಅದು ಹೇಳಿದಷ್ಟೇ ಒತ್ತಡ ಹಿಡಿಯಿತು. ಇಲ್ಲಿಗೆ ನಿಲ್ಲಿಸಿದ್ದರೆ ಕ್ಯಾಪ್ ಸರಿ ಎಂದೇ ಬರೆಯಬೇಕಿತ್ತು. ಆದರೆ ಜೋಡಣೆ ತುಂಡು ಆ ಕ್ಯಾಪ್‌ಗೆ ತಕ್ಕ ಆಳದ್ದು, ಪದ್ಮಿನಿಯ ಮೂತಿ ಅಲ್ಲ. ಕ್ಯಾಪ್ ತಿರುಗಿಸಿ ಅದರ ಕೆಳಗಿನ ರಬ್ಬರ್ ನೋಡಿದಾಗ ಉಂಗುರದ ಅಚ್ಚು ಇರಲಿಲ್ಲ. ಬಳಸಿದ ಯಾವ ಕ್ಯಾಪ್‌ನಲ್ಲೂ ಮೂತಿಯ ಒಳಗಿನ ಪಟ್ಟಿ ಒತ್ತಿದ ದುಂಡು ಗೆರೆ ಇರಲೇಬೇಕು. ವರ್ನಿಯರ್‌ನಿಂದ ಅಳೆದರೆ ಮೂಲ ಕ್ಯಾಪ್‌ಗಿಂತ ಇದರ ಇಳಿತ, ಅಂದರೆ ಮೂತಿಯೊಳಗೆ ಇಳಿಯುವ ಆಳ, ಸುಮಾರು 6 ಮಿ.ಮೀ. ಕಡಿಮೆ. ರಬ್ಬರ್ ಪಟ್ಟಿಗೆ ತಲುಪುತ್ತಲೇ ಇಲ್ಲ. ಹೊರಗೆ 0.9 ಎಂದು ಬರೆದುಕೊಂಡ ಕ್ಯಾಪ್ ಈ ಕಾರಿನ ಮೇಲೆ ಹಿಡಿಯುತ್ತಿದ್ದ ಒತ್ತಡ ಸೊನ್ನೆ.

ಖಚಿತಪಡಿಸಲು ಓವರ್‌ಫ್ಲೋ ನಳಿಕೆಯ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿ ಎಂಜಿನ್ ಬಿಸಿ ಮಾಡಲಾಯಿತು. ಬಿಸಿ ಏರಲು ಶುರುವಾದಾಗಲೇ ಗುಳ್ಳೆ, ಆಮೇಲೆ ತುಕ್ಕಿನ ನೀರು ಬಂತು. ಬಿಸಿ ಎಂಜಿನ್‌ನ ಮೇಲಿನ ಹೋಸನ್ನು ದಪ್ಪ ಬಟ್ಟೆ ಹಿಡಿದು ಒತ್ತಿದರೆ ಬಿಗಿಯಾಗಿರಬೇಕು. ಇಲ್ಲಿ ಅದು ತಣ್ಣಗಿದ್ದಾಗಿನಷ್ಟೇ ಮೆತ್ತಗಿತ್ತು. ಉಪಕರಣ ಇಲ್ಲದವರೂ ಮಾಡಬಹುದಾದ ಈ ಒಂದು ಪರೀಕ್ಷೆಯನ್ನು ಮೊದಲೇ ಯಾರಾದರೂ ಮಾಡಿದ್ದರೆ ರೇಡಿಯೇಟರ್ ಬಿಚ್ಚಿಸುವ ಖರ್ಚು ಬೀಳುತ್ತಿರಲಿಲ್ಲ.

3000 ಸುತ್ತಿನಲ್ಲಿ

ಪದ್ಮಿನಿಯಲ್ಲಿ ಎಂಜಿನ್ ಸುತ್ತು ತೋರಿಸುವ ಮೀಟರ್ ಇಲ್ಲ. ಇಗ್ನಿಷನ್ ಕಾಯಿಲ್‌ಗೆ ಸುತ್ತು ಅಳೆಯುವ ಡ್ವೆಲ್-ಟ್ಯಾಕೊ ಮೀಟರ್ ಸಿಕ್ಕಿಸಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡಗಲ್ಲು. ಒಬ್ಬರು ಆಕ್ಸಿಲರೇಟರ್ ಹಿಡಿಯಬೇಕು, ಇನ್ನೊಬ್ಬರು ಫ್ಯಾನ್‌ನ ಪಕ್ಕಕ್ಕೆ ನಿಂತು ಟಾರ್ಚ್ ಬಿಟ್ಟು ಕೆಳಗಿನ ಹೋಸ್ ನೋಡಬೇಕು. ಫ್ಯಾನ್‌ನ ಎದುರಿಗೆ ನಿಲ್ಲಬಾರದು. ಪಂಚೆ, ಲುಂಗಿ, ಓಢಣಿ, ಕೊರಳ ಸರ ಯಾವುದೂ ಹತ್ತಿರ ಬರಬಾರದು. ಥರ್ಮೋಸ್ಟ್ಯಾಟ್ ಇರುವ ಕಾರಿನಲ್ಲಾದರೆ ಅದು ತೆರೆದ ಮೇಲೆಯೇ ಈ ಪರೀಕ್ಷೆಗೆ ಅರ್ಥ.

ಉಷ್ಣತೆ ಓದಲು ಇನ್ಫ್ರಾರೆಡ್ ಥರ್ಮಾಮೀಟರ್ ಬಳಸಲಾಯಿತು. ಹೊಳೆಯುವ ಹಿತ್ತಾಳೆಯ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಮೇಲಿನ ಮತ್ತು ಕೆಳಗಿನ ಮೂತಿಯ ಮೇಲೆ ಸ್ವಲ್ಪ ಕಪ್ಪು ಮ್ಯಾಟ್ ಬಣ್ಣ ಹಚ್ಚಿ ಅಲ್ಲೇ ಗುರಿಯಿಟ್ಟರೆ ಸರಿಯಾದ ಅಂಕಿ ಸಿಗುತ್ತದೆ.

ಐಡಲ್‌ನಲ್ಲಿ ಮೇಲೆ 78, ಕೆಳಗೆ 69 ಡಿಗ್ರಿ. ಹೋಸ್ ದುಂಡಗಿದೆ. 3000ಕ್ಕೆ ಏರಿಸಿ ಹಿಡಿದಾಗ ಹೋಸ್‌ನ ಬಾಗು ಮೊದಲು ತುಸು ಒಳಗೆ ಸರಿಯಿತು, ಕ್ಷಣದಲ್ಲೇ ಚಪ್ಪಟೆಯಾಯಿತು. ಐದು ನಿಮಿಷ ಹಾಗೆಯೇ ಹಿಡಿದಾಗ ಮೇಲೆ 91, ಕೆಳಗೆ 66. ಪಾದ ಎತ್ತಿದ ತಕ್ಷಣ ಹೋಸ್ ಮತ್ತೆ ದುಂಡಗಾಯಿತು.

ಈ ಎರಡು ಅಂಕಿಗಳ ಅಂತರವೇ ಇಲ್ಲಿ ಮುಖ್ಯ. ಅದು 9ರಿಂದ 25ಕ್ಕೆ ಹಿಗ್ಗಿದೆ. ನೀರು ರೇಡಿಯೇಟರ್‌ನಲ್ಲಿ ಹೆಚ್ಚು ಹೊತ್ತು ನಿಂತು ಬಹಳ ತಣ್ಣಗಾಗುತ್ತಿದೆ, ಆದರೆ ಎಂಜಿನ್‌ಗೆ ಹೋಗುವ ಪ್ರಮಾಣವೇ ಸಾಲುತ್ತಿಲ್ಲ. ತೊಂದರೆ ಗಾಳಿಯ ಕಡೆ ಇದ್ದಿದ್ದರೆ ಎರಡೂ ಅಂಕಿ ಜೊತೆಯಾಗಿ ಏರಿ ಅಂತರ ಕಿರಿದಾಗುತ್ತಿತ್ತು. "ನೋಡ್ರಿ ಶೆಟ್ರ, ರೇಡಿಯೇಟರ್ ಪಾಪ ತನ್ನ ಕೆಲ್ಸಾ ಮಾಡಾಕತ್ತದ" ಎಂದರು ಮೇಸ್ತ್ರಿ, ಕೆಳಗಿನ ಮೂತಿಯತ್ತ ಬೆರಳು ಮಾಡಿ.

ಆಮೇಲೆ ಕಾರಣಗಳನ್ನು ಒಂದೊಂದಾಗಿ ಬಿಡಿಸಬೇಕಿತ್ತು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕಾರು ಸರಿಹೋಗಬಹುದು, ಯಾವುದರಿಂದ ಎಂದು ಮಾತ್ರ ತಿಳಿಯುವುದಿಲ್ಲ. ಎಂಜಿನ್ ತಣಿದ ಮೇಲೆ ಮೂಲ ಕ್ಯಾಪ್ ಹಾಕಿ, ಹಳೇ ಹೋಸ್‌ನಲ್ಲೇ ಮತ್ತೆ 3000ಕ್ಕೆ ಒಯ್ಯಲಾಯಿತು. ಹೋಸ್ ಬಾಗಿನಲ್ಲಿ ತುಸು ಒಳಗೆ ಸರಿಯಿತಾದರೂ ಚಪ್ಪಟೆಯಾಗಲಿಲ್ಲ. ಆಮೇಲೆ ಸ್ಪ್ರಿಂಗ್ ಇರುವ ಹೋಸ್ ಕೂರಿಸಿ, ತಪ್ಪು ಕ್ಯಾಪ್ ಹಾಕಿ ನೋಡಿದರೆ ಹೋಸ್ ಅಲುಗಲಿಲ್ಲ, ಆದರೆ ಮೇಲಿನ ಹೋಸ್ ಮೆತ್ತಗೇ ಇತ್ತು, ನೀರು ಓವರ್‌ಫ್ಲೋದಿಂದ ಹೋಗುತ್ತಲೇ ಇತ್ತು. ಕುಸಿತಕ್ಕೆ ಎರಡೂ ಸೇರಿ ಕಾರಣ. ನೀರು ಖಾಲಿಯಾಗಲು ಮುಖ್ಯವಾಗಿ ಕ್ಯಾಪ್. ಥರ್ಮೋಸ್ಟ್ಯಾಟ್ ಇಲ್ಲದ್ದೂ ತನ್ನ ಪಾಲು ಸೇರಿಸಿತ್ತು. ಅದು ಇದ್ದಾಗ ಹರಿವಿಗೆ ಒಂದಿಷ್ಟು ತಡೆ ಇರುತ್ತದೆ. ತೆಗೆದರೆ ರೇಡಿಯೇಟರ್ ಮೂಲಕ ಹರಿವು ಹೆಚ್ಚಿ ಕೆಳಗಿನ ಹೋಸ್ ಮೇಲಿನ ಎಳೆತವೂ ಹೆಚ್ಚುತ್ತದೆ.

ಸ್ಪ್ರಿಂಗ್ ಬೇಕೇ ಬೇಡವೇ ಎಂಬ ಚರ್ಚೆ ಹಳೇ ಕಾರಿನವರ ನಡುವೆ ಮುಗಿಯದ್ದು. ಕಾರ್ಖಾನೆಯಲ್ಲಿ ನಿರ್ವಾತ ಮಾಡಿ ನೀರು ತುಂಬಿಸುವಾಗ ಹೋಸ್ ಕುಸಿಯದಿರಲು ಮಾತ್ರ ಅದನ್ನು ಹಾಕುತ್ತಿದ್ದರು, ಆಮೇಲೆ ಅದರಿಂದ ಕೆಲಸವಿಲ್ಲ ಎನ್ನುವವರಿದ್ದಾರೆ. ಕ್ಯಾಪ್ ಸರಿಯಾಗಿ ಒತ್ತಡ ಹಿಡಿಯುವ, ಗೋಡೆ ಗಟ್ಟಿಯಿರುವ ಹೊಸ ಹೋಸ್‌ನ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ನಲವತ್ತು ವರ್ಷದ ರೇಡಿಯೇಟರ್, ಯಾವಾಗ ಕೈಕೊಡುವುದೋ ತಿಳಿಯದ ಕ್ಯಾಪ್ ಇರುವಲ್ಲಿ ಸ್ಪ್ರಿಂಗ್ ಬಿಡಬಾರದು ಎಂಬುದು ನಮ್ಮ ನಿಲುವು.

ಬಿಚ್ಚಿದಾಗ ಮತ್ತು ಕೂರಿಸುವಾಗ

ಹಳೆಯ ಹೋಸನ್ನು ಎಳೆದು ಕೀಳಲಿಲ್ಲ. ರೇಡಿಯೇಟರ್ ಮೂತಿ ತೆಳು ಹಿತ್ತಾಳೆ, ಬೆಸುಗೆಯಿಂದ ನಿಂತಿರುವಂಥದ್ದು. ತಿರುಚಿದರೆ ಬೆಸುಗೆ ಬಿಡುತ್ತದೆ. ಕ್ಲಿಪ್ ತೆಗೆದು, ಲೋಹಕ್ಕೆ ಗೀರು ಬೀಳದಂತೆ ಬ್ಲೇಡಿನಿಂದ ರಬ್ಬರ್ ಅನ್ನು ಉದ್ದಕ್ಕೆ ಸೀಳಿ ಬಿಡಿಸಲಾಯಿತು. ಉದ್ದಕ್ಕೆ ಕೊಯ್ದ ಹೋಸ್‌ನೊಳಗೆ ಸುರುಳಿಯಾಕಾರದ ತುಕ್ಕಿನ ಕಲೆ, ಒಂದು ತುದಿಯಲ್ಲಿ ಬೆರಳುದ್ದದ ತಂತಿ. ಉಳಿದ ಸ್ಪ್ರಿಂಗ್ ತುಕ್ಕು ಹಿಡಿದು ಪುಡಿಯಾಗಿ ಹೋಗಿದೆ. ಎಲ್ಲಿಗೆ? ಈ ಹೋಸ್‌ನಲ್ಲಿ ನೀರು ಪಂಪ್ ಕಡೆಗೇ ಹರಿಯುತ್ತದೆ. ಆದ್ದರಿಂದ ಪಂಪ್ ಬಿಚ್ಚಿ ನೋಡದೆ ಮುಚ್ಚುವಂತಿಲ್ಲ. ಚಕ್ರದ ಎಲೆಗಳ ಅಂಚಿನಲ್ಲಿ ಪೆಟ್ಟಿನ ಸಣ್ಣ ಗುರುತುಗಳಿದ್ದವು, ಮುರಿತ ಇರಲಿಲ್ಲ. ಎಂಜಿನ್ ಬ್ಲಾಕ್‌ನ ಡ್ರೈನ್ ಬೋಲ್ಟ್ ತೆಗೆದು ಹಿಮ್ಮುಖವಾಗಿ ನೀರು ಹಾಯಿಸಿದಾಗ ಕೆಂಪು ಕೆಸರಿನ ಜೊತೆ ತಂತಿಯ ಚೂರುಗಳು ಬಂದವು. ನೀರು ತಿಳಿಯಾಗುವವರೆಗೂ ಹಾಯಿಸಬೇಕು.

ಇಷ್ಟಕ್ಕೆಲ್ಲ ಮೂಲ ಬರೀ ನಲ್ಲಿ ನೀರು. ಮುಂಬೈಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಯಾಕೆ ಎಂದು ಕೇಳುವವರು ಬಹಳ. ಇಲ್ಲಿ ಕೂಲಂಟ್ ಬೇಕಿರುವುದು ತುಕ್ಕು ತಡೆಯಲು.

ಹೋಸ್ ಹುಡುಕುವಾಗ ಒಂದು ಎಚ್ಚರಿಕೆ. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲೂ ಒಪೆರಾ ಹೌಸ್ ಕಡೆಯ ಅಂಗಡಿಗಳಲ್ಲೂ ಪದ್ಮಿನಿಯ ಹಳೇ ದಾಸ್ತಾನು ಸಿಗುವುದುಂಟು. ಲೋಹದ ಭಾಗಕ್ಕೆ ಅದು ಒಳ್ಳೆಯದು, ರಬ್ಬರ್‌ಗೆ ಅಲ್ಲ. ಪದ್ಮಿನಿಯ ತಯಾರಿಕೆ ನಿಂತೇ ಎರಡು ದಶಕ ದಾಟಿದೆ. ಕಪಾಟಿನಲ್ಲಿ ಕೂತ ರಬ್ಬರ್‌ಗೂ ವಯಸ್ಸಾಗುತ್ತದೆ. ಹೊಸದಾಗಿ ತಯಾರಾದ, ಒಳಗೆ ನೂಲಿನ ಪದರವಿರುವ ಇಪಿಡಿಎಂ ಹೋಸನ್ನೇ ಕೇಳಬೇಕು. ಹಳೇ ಹೋಸ್ ಹಿಗ್ಗಿರುವುದರಿಂದ ಅದನ್ನು ಅಳತೆಗೆ ಒಯ್ಯಬಾರದು. ಲೋಹದ ಮೂತಿಯ ಹೊರ ವ್ಯಾಸವನ್ನು ಎರಡೂ ತುದಿಯಲ್ಲಿ ವರ್ನಿಯರ್‌ನಿಂದ ಅಳೆದು ಬರೆದುಕೊಳ್ಳಬೇಕು. ನೇರ ಹೋಸನ್ನು ಬಗ್ಗಿಸಿ ಕೂರಿಸಿದರೆ ಬಾಗು ಮಡಚಿ, ಮತ್ತೆ ಅದೇ ಕುಸಿತ. ಸ್ಪ್ರಿಂಗ್ ಸ್ಟೇನ್‌ಲೆಸ್ ತಂತಿಯದಾಗಿರಲಿ. ಹೋಸ್‌ನ ಒಳಗೋಡೆಗೆ ತಾಗಿಕೊಂಡಿರಬೇಕು, ಉದ್ದ ಎರಡು ಮೂತಿಗಳ ನಡುವಿನಷ್ಟೇ. ಮೂತಿಯ ಮೇಲೆ ಹತ್ತಿದರೆ ಕ್ಲಿಪ್ ಕೂರುವುದಿಲ್ಲ.

ಪಂಪ್ ಕಡೆಯ ಮೂತಿಯಲ್ಲಿ ತುಕ್ಕಿನ ಗುಳಿಗಳಿದ್ದವು, ತಣ್ಣಗಿದ್ದಾಗಿನ ಒಸರು ಅಲ್ಲಿಂದಲೇ. 320 ನಂಬರಿನ, ನೀರು ಹಾಕಿ ಉಜ್ಜುವ ಮರಳು ಕಾಗದದಿಂದ ಉಜ್ಜಿ, ಗುಳಿಗಳಿಗೆ ಲೋಹ ತುಂಬುವ ಎಪಾಕ್ಸಿ ಹಾಕಿ, ಗಟ್ಟಿಯಾದ ಮೇಲೆ ಮತ್ತೆ ನಯ ಮಾಡಲಾಯಿತು. ಗ್ರೀಸ್ ಹಚ್ಚಿ ಹೋಸ್ ಏರಿಸುವ ಅಭ್ಯಾಸ ಬಿಡಬೇಕು. ಅದು ರಬ್ಬರ್ ಅನ್ನು ಉಬ್ಬಿಸುತ್ತದೆ. ಕೂಲಂಟ್‌ನಿಂದಲೇ ಒದ್ದೆ ಮಾಡಿದರೆ ಸಾಕು. ಗ್ಯಾಸ್ಕೆಟ್ ಅಂಟೂ ಬೇಡ. ಕ್ಲಿಪ್ ಮೂತಿಯ ಉಬ್ಬಿನ ಹಿಂದೆ, ಹೋಸ್ ಅಂಚಿನಿಂದ ಮೂರ್ನಾಲ್ಕು ಮಿ.ಮೀ. ಒಳಗೆ ಬರಬೇಕು. ಬಿಗಿತ 3ರಿಂದ 4 ನ್ಯೂಟನ್-ಮೀಟರ್, ಅಂದರೆ ಸ್ಕ್ರೂಡ್ರೈವರ್‌ನಲ್ಲಿ ಮಣಿಕಟ್ಟಿನ ಬಲ. ರಬ್ಬರ್ ಕ್ಲಿಪ್‌ನ ಗೀರುಗಳಿಂದ ಉಕ್ಕಿ ಬಂದರೆ ಅತಿಯಾಯಿತು. ಎಂಜಿನ್ ಮೌಂಟಿಂಗ್ ರಬ್ಬರ್ ಕುಗ್ಗಿದ್ದರೆ ಎಂಜಿನ್ ಅಲುಗಾಟವೆಲ್ಲ ಹೋಸ್ ಮೇಲೆ ಬೀಳುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಇಲ್ಲಿ ಅವು ಸರಿಯಿದ್ದವು.

82 ಡಿಗ್ರಿಯ ಥರ್ಮೋಸ್ಟ್ಯಾಟ್ ಕೂರಿಸುವ ಮೊದಲು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಅದು ತೆರೆಯುವುದನ್ನು ಥರ್ಮಾಮೀಟರ್‌ನೊಂದಿಗೆ ನೋಡಲಾಯಿತು. ಮೂಲ ಕ್ಯಾಪ್‌ನ ಒತ್ತಡ, ಇಳಿತದ ಆಳ ಎರಡೂ ಹೊಂದುವ ಹೊಸ ಕ್ಯಾಪ್ ಬಂತು. ಒಂದು ಪಾಲು ಎಥಿಲೀನ್ ಗ್ಲೈಕಾಲ್ ಕೂಲಂಟ್‌ಗೆ ಎರಡು ಪಾಲು ಡಿಸ್ಟಿಲ್ಡ್ ನೀರು. ತಾಮ್ರ, ಹಿತ್ತಾಳೆ, ಬೆಸುಗೆ ಇರುವ ರೇಡಿಯೇಟರ್‌ಗೆ ಹಳೇ ಮಾದರಿಯ ಹಸಿರು ಕೂಲಂಟ್ ಸುರಕ್ಷಿತ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಚೆಲ್ಲಿದ್ದನ್ನು ಹಾಗೇ ಬಿಡಬಾರದು. ಅದು ಸಿಹಿ, ನಾಯಿ ನೆಕ್ಕಿದರೆ ಸಾಯುತ್ತದೆ. ಕಾರಿನ ಮುಂಭಾಗ ಎತ್ತರಕ್ಕಿರುವಂತೆ ನಿಲ್ಲಿಸಿ, ಕ್ಯಾಪ್ ತೆರೆದಿಟ್ಟು, ಥರ್ಮೋಸ್ಟ್ಯಾಟ್ ತೆರೆದು ಗುಳ್ಳೆ ನಿಲ್ಲುವವರೆಗೆ ಐಡಲ್‌ನಲ್ಲಿ ಓಡಿಸುತ್ತಾ ಮಟ್ಟ ತುಂಬಿಸಲಾಯಿತು.

ಘಾಟಿಯಲ್ಲಿ

ಗ್ಯಾರೇಜಿನಲ್ಲೇ ಮತ್ತೆ 3000 ಸುತ್ತು: ಮೇಲೆ 88, ಕೆಳಗೆ 80. ಹೋಸ್ ದುಂಡಗಿದೆ, ಮೇಲಿನ ಹೋಸ್ ಬಿಗಿಯಾಗಿದೆ. ಒತ್ತಡ ಪರೀಕ್ಷೆಯಲ್ಲಿ ಕಾಲು ಗಂಟೆ ಮುಳ್ಳು ಕದಲಲಿಲ್ಲ.

ರಸ್ತೆ ಪರೀಕ್ಷೆಗೆ ಎಕ್ಸ್‌ಪ್ರೆಸ್‌ವೇಯ ಸಮತಟ್ಟು ಸಾಲದು. ಖೋಪೋಲಿಯಿಂದ ಖಂಡಾಳಕ್ಕೆ ಏರುವ ಹಳೇ ಹೆದ್ದಾರಿ ಬೇಕು: ಎರಡನೇ ಗೇರ್, ಹೆಚ್ಚು ಸುತ್ತು, ಎದುರಿನ ಗಾಳಿ ಕಡಿಮೆ. ಮೇಲೆ ಲೋಣಾವಳದ ಎತ್ತರದಲ್ಲಿ ನೀರು ತೆರೆದ ಪಾತ್ರೆಯಲ್ಲಿ ಸುಮಾರು 98 ಡಿಗ್ರಿಗೇ ಕುದಿಯುತ್ತದೆ, ಒತ್ತಡ ಹಿಡಿಯದ ಕ್ಯಾಪ್‌ಗೆ ಅಲ್ಲಿ ಉಳಿಗಾಲವಿಲ್ಲ. ಹತ್ತುವಾಗ ಮುಳ್ಳು ಎಂದಿನ ಜಾಗದಿಂದ ಸ್ವಲ್ಪ ಏರಿ, ಖಂಡಾಳದಲ್ಲಿ ರಸ್ತೆ ಸಮವಾದ ಮೇಲೆ ಇಳಿಯಿತು. ಮಾಲೀಕರು ಪುಣೆಯ ಮಗಳ ಮನೆಯವರೆಗೂ ಹೋಗಿ ಬಂದರು. ವಾಪಸ್ ಬಂದ ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ, ನಾಲ್ಕೂ ಕ್ಲಿಪ್‌ಗಳಿಗೆ ಇನ್ನಷ್ಟು ಬಿಗಿ ಬೇಕಾಯಿತು. ಹೊಸ ರಬ್ಬರ್ ಮೊದಲ ಬಿಸಿಗೆ ಕುಗ್ಗುವುದರಿಂದ ಈ ಎರಡನೇ ಬಿಗಿತ ಬಿಡುವಂತಿಲ್ಲ. ರೇಡಿಯೇಟರ್ ಮಟ್ಟ ಇಳಿದಿರಲಿಲ್ಲ.

ಡಿಕ್ಕಿಯಲ್ಲಿ ಈಗ ಎರಡು ಕ್ಲಿಪ್, ತನಗೇ ಅಂಟಿಕೊಳ್ಳುವ ಸಿಲಿಕೋನ್ ಟೇಪಿನ ಸುರುಳಿ, ಐದು ಲೀಟರ್ ಬೆರೆಸಿದ ಕೂಲಂಟ್ ಇವೆ. ದಾರಿಯಲ್ಲಿ ಮುಳ್ಳು ಏರಿದರೆ ಬಾನೆಟ್ ಎತ್ತಿ ಕನಿಷ್ಠ ಅರ್ಧ ಗಂಟೆ ಕಾಯಬೇಕು, ಮೇಲಿನ ಹೋಸ್ ಮೆತ್ತಗಾಗುವವರೆಗೆ ಕ್ಯಾಪ್ ಮುಟ್ಟಬಾರದು. ಈಗ ಆ ಕ್ಯಾಪ್‌ನ ಕೆಳಗೆ ನಿಜವಾದ ಒತ್ತಡವಿದೆ. ಮೊದಲಿನಂತೆ ಬಟ್ಟೆ ಹಿಡಿದು ತಿರುಗಿಸಿದರೆ ಕೈ ಸುಡುತ್ತದೆ ಎಂದು ಮಾಲೀಕರಿಗೆ ಬಿಡಿಸಿ ಹೇಳಲಾಗಿದೆ.